ನೆಟ್ಟ ಕಂಬಿಯನ್ನು ಕೀಳುವ ಮುನ್ನ

ಕಾಲಿಗೆ ಮುಳ್ಳು ಚುಚ್ಚಿದರೆ ಮೊದಲು ಅದನ್ನು ಕೀಳಬೇಕು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬರಿಗಾಲಿನಲ್ಲಿ ಹೊಲ ತಿರುಗಿದ ಪ್ರತಿಯೊಬ್ಬರಿಗೂ ಅದು ಬಾಲ್ಯದಲ್ಲೇ ಬಂದ ಬುದ್ಧಿ. ಹೊಕ್ಕಿದ್ದು ಹೊರಬಂದರೆ ನೋವು ಇಳಿಯುತ್ತದೆ ಎಂಬುದು ಅನುಭವದ ಮಾತು. ಆದರೆ ಇದೇ ಬುದ್ಧಿ ಒಂದು ಸಂದರ್ಭದಲ್ಲಿ ಪ್ರಾಣಕ್ಕೇ ಎರವಾಗುತ್ತದೆ. ಈ ಸತ್ಯವನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ಕೈಯಿಂದಲೇ ಕಲಿತೆ.

ನಲವತ್ತು ವರ್ಷಗಳ ಹಿಂದಿನ ಮಾತು. ವೈದ್ಯಕೀಯ ಪದವಿ ಮುಗಿಸಿ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಒಂದು ಸಂಜೆ ಹತ್ತು ವರ್ಷದ ಹುಡುಗನೊಬ್ಬನನ್ನು ಅವನ ತಂದೆ ಮತ್ತು ನೆರೆಹೊರೆಯವರು ಟೆಂಪೊದಲ್ಲಿ ಕರೆತಂದರು. ಹುಲ್ಲಿನ ಬಣವೆಯ ಮೇಲೆ ಆಡುತ್ತಿದ್ದವನು ಜಾರಿ ಬಿದ್ದಾಗ, ಕರು ಕಟ್ಟಲೆಂದು ನೆಲದಲ್ಲಿ ನೆಟ್ಟಿದ್ದ ಬೆರಳುಗಾತ್ರದ ಕಬ್ಬಿಣದ ಸಲಾಕೆ ಎಡಗಿವಿಯ ಮೇಲ್ಭಾಗದಲ್ಲಿ ಒಳಹೊಕ್ಕಿತ್ತು. ಊರಿನವರು ಸಲಾಕೆಯನ್ನು ನೆಲದಿಂದ ಕಿತ್ತು, ಹುಡುಗನ ತಲೆಯೊಡನೆಯೇ ಹಿಡಿದು ತಂದಿದ್ದರು. ಹುಡುಗನಿಗೆ ಎಚ್ಚರವಿತ್ತು. ಹೆಸರು ಕೇಳಿದರೆ ಹೇಳಿದ. ಓದುತ್ತಿದ್ದ ತರಗತಿ ಕೇಳಿದರೆ ಅದನ್ನೂ ಹೇಳಿದ. ರಕ್ತ ಹೆಚ್ಚೇನೂ ಹೋಗಿರಲಿಲ್ಲ.

‘ಮೊದಲು ಅದನ್ನ ತೆಗೆದುಬಿಡಿ ಸಾರ್, ನೋಡೋಕಾಗಲ್ಲ’ ಎಂದು ತಂದೆ ಅಂಗಲಾಚಿದರು. ನನಗೂ ನೋಡಲಾಗುತ್ತಿರಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಎರಡೂವರೆ ಗಂಟೆಯ ಹಾದಿ. ಆ ರಸ್ತೆಯಲ್ಲಿ ತಲೆಗೆ ನೆಟ್ಟ ಕಬ್ಬಿಣದೊಡನೆ ಮಗುವನ್ನು ಕಳುಹಿಸುವುದು ಕ್ರೌರ್ಯವೆಂದು ತೋರಿತು. ಗಾಯದ ಸುತ್ತ ಅರಿವಳಿಕೆ ಚುಚ್ಚಿ, ಸಲಾಕೆಯನ್ನು ಹಿಡಿದು ಎಳೆದೆ. ಅದು ಬಹಳ ಸುಲಭವಾಗಿ ಬಂತು. ತಂದೆ ನಿಟ್ಟುಸಿರು ಬಿಟ್ಟರು. ಕೆಲವೇ ನಿಮಿಷಗಳಲ್ಲಿ ಬಟ್ಟೆಯ ಮೇಲೆ ಬಟ್ಟೆ ಒತ್ತಿದರೂ ರಕ್ತ ನಿಲ್ಲದಾಯಿತು. ಹುಡುಗನ ಮಾತು ತೊದಲಿತು, ಬಳಿಕ ನಿಂತಿತು. ಜಿಲ್ಲಾ ಆಸ್ಪತ್ರೆ ತಲುಪುವ ಮುನ್ನವೇ ಅವನು ತೀರಿಕೊಂಡ.

ಯಾರೂ ನನ್ನನ್ನು ದೂರಲಿಲ್ಲ. ‘ನಿಮ್ಮ ಕೈಲಾದದ್ದು ಮಾಡಿದ್ರಿ’ ಎಂದು ಆ ತಂದೆ ಕೈಮುಗಿದು ಹೋದರು. ಊರಿನವರು ಮಾಡದ ತಪ್ಪನ್ನು ಓದಿದ ನಾನು ಮಾಡಿದ್ದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಆ ಹೊತ್ತಿನಲ್ಲಿ ನನಗೂ ತಿಳಿದಿರಲಿಲ್ಲ. ಸಲಾಕೆ ಹೊಕ್ಕಾಗಲೇ ಆ ಹುಡುಗ ಉಳಿಯುವ ಸಾಧ್ಯತೆ ಎಷ್ಟಿತ್ತೆಂದು ಇಂದಿಗೂ ಖಚಿತವಾಗಿ ಹೇಳಲಾರೆ. ಆದರೆ ಇದ್ದ ಅವಕಾಶವನ್ನು ನನ್ನ ಕೈ ಕಿತ್ತುಕೊಂಡಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮುಂದೆ ನರಶಸ್ತ್ರಚಿಕಿತ್ಸೆಯನ್ನು ಕಲಿಯಲು ಹೋದದ್ದಕ್ಕೆ ಕಾರಣ ಕೇಳಿದವರಿಗೆ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ನಿಜವಾದ ಉತ್ತರ ಇದು.

ಇದನ್ನೀಗ ಬರೆಯುವುದಕ್ಕೆ ಪಶ್ಚಾತ್ತಾಪವೊಂದೇ ಕಾರಣವಲ್ಲ. ಸೇವೆಯಲ್ಲಿದ್ದ ದಶಕಗಳಲ್ಲಿ ಇಂಥ ಗಾಯಾಳುಗಳನ್ನು ನಾನು ನೋಡಿದ್ದು ಕೆಲವೇ ಮಂದಿಯನ್ನು. ಆದರೆ ಅವರಲ್ಲಿ ಹಲವರ ಹಣೆಬರಹ ನನ್ನ ಮೇಜಿಗೆ ಬರುವ ಮುನ್ನವೇ ಯಾರದೋ ಒಳ್ಳೆಯ ಮನಸ್ಸಿನ ಕೈಯಲ್ಲಿ ತೀರ್ಮಾನವಾಗಿರುತ್ತಿತ್ತು. ಈ ಗಾಯದ ಚಿಕಿತ್ಸೆ ಇಂದು ವೈದ್ಯಶಾಸ್ತ್ರಕ್ಕೆ ಅರಿಯದ ವಿಷಯವಲ್ಲ. ಅರಿವು ಇರಬೇಕಾದ ಜಾಗದಲ್ಲಿ, ಅಂದರೆ ಕಟ್ಟಡದ ಕೆಲಸದಲ್ಲಿ, ರಸ್ತೆಯಲ್ಲಿ, ತಾಲ್ಲೂಕು ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ ಅದು ಇಲ್ಲ ಎಂಬುದೇ ನನ್ನ ದೂರು.

ತಲೆಗೆ ಹೊಕ್ಕ ವಸ್ತು ಗಾಯವನ್ನು ಮಾಡುವುದರ ಜೊತೆಗೆ ಆ ಗಾಯಕ್ಕೆ ಬೆಣೆಯಾಗಿಯೂ ನಿಲ್ಲುತ್ತದೆ. ಹರಿದ ರಕ್ತನಾಳವನ್ನು ಅದೇ ಒತ್ತಿ ಹಿಡಿದಿರುತ್ತದೆ. ಹೊರಗೆ ಎಳೆದೊಡನೆ ತಡೆ ತಪ್ಪುತ್ತದೆ. ಕೈಕಾಲಿನ ಗಾಯವಾದರೆ ಒತ್ತಿ ಹಿಡಿದು ರಕ್ತ ನಿಲ್ಲಿಸಬಹುದು. ತಲೆಬುರುಡೆಯೊಳಗೆ ಬೆರಳು ಹೋಗುವುದಿಲ್ಲ. ಬುರುಡೆ ಹಿಗ್ಗದ ಪೆಟ್ಟಿಗೆ. ಒಳಗೆ ಶೇಖರವಾಗುವ ರಕ್ತ ಮಿದುಳನ್ನು ಕೆಳಕ್ಕೆ ಒತ್ತುತ್ತದೆ, ಕೊನೆಗೆ ಉಸಿರಾಟವನ್ನು ನಡೆಸುವ ಮಿದುಳಕಾಂಡ ಸೋಲುತ್ತದೆ. ಕೀಳುವಾಗ ವಸ್ತು ಸ್ವಲ್ಪ ತಿರುಗಿದರೂ, ವಾಲಿದರೂ ಮೊದಲು ಉಳಿದಿದ್ದ ಮಿದುಳಿನ ಭಾಗ ಸೀಳಿಹೋಗುತ್ತದೆ.

ತಲೆಗೆ ಪೆಟ್ಟಾದವರಲ್ಲಿ ಬಹುಪಾಲು ಮಂದಿ ದ್ವಿಚಕ್ರ ವಾಹನದಿಂದಲೋ ಎತ್ತರದಿಂದಲೋ ಬಿದ್ದವರು. ಬುರುಡೆಯನ್ನು ತೂರಿ ವಸ್ತು ಒಳಹೋಗುವ ಗಾಯ ನಾಗರಿಕ ಜೀವನದಲ್ಲಿ ವಿರಳ. ಹೀಗಾಗಿ ಈ ಚಿಕಿತ್ಸೆಯ ಪಾಠಗಳು ಬಂದಿರುವುದು ಎರಡು ಕಡೆಯಿಂದ: ಒಂಟೊಂಟಿಯಾಗಿ ದಾಖಲಾದ ಅಪಘಾತಗಳಿಂದ ಮತ್ತು ಯುದ್ಧಗಳಿಂದ.

ಅಪಘಾತಗಳಲ್ಲಿ ಪ್ರಸಿದ್ಧವಾದದ್ದು ಅಮೆರಿಕದ ವರ್ಮಾಂಟ್ ರಾಜ್ಯದ ಫಿನಿಯಾಸ್ ಗೇಜ್ ಎಂಬ ರೈಲುರಸ್ತೆ ಮೇಸ್ತ್ರಿಯದು. 1848ರ ಸೆಪ್ಟೆಂಬರ್ 13ರಂದು ಬಂಡೆ ಸಿಡಿಸಲು ಮದ್ದು ತುಂಬುತ್ತಿದ್ದಾಗ ಅದು ಸ್ಫೋಟಿಸಿ, ಮೂರೂವರೆ ಅಡಿಗೂ ಉದ್ದದ, ಸುಮಾರು ಆರು ಕಿಲೊ ತೂಕದ ಕಬ್ಬಿಣದ ಸಲಾಕೆ ಅವನ ಎಡಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹಾರಿಹೋಯಿತು. ಆತ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದ. ಪಠ್ಯಪುಸ್ತಕಗಳು ಅವನ ಸ್ವಭಾವ ಬದಲಾದದ್ದನ್ನು ಹೇಳಿ ಮುಗಿಸುತ್ತವೆ. ಅವನನ್ನು ಉಳಿಸಿದ ಹಳ್ಳಿಯ ವೈದ್ಯ ಜಾನ್ ಹಾರ್ಲೊ ಅವರನ್ನು ನೆನೆಯುವವರು ಕಡಿಮೆ. ಸೋಂಕಿಗೆ ಔಷಧವೇ ಇಲ್ಲದ ಆ ಕಾಲದಲ್ಲಿ ಅವರು ಗಾಯವನ್ನು ಶುಚಿಗೊಳಿಸಿ, ಕಾದು, ಕೀವು ಕಟ್ಟಿದಾಗ ಅದನ್ನು ಹೊರಹರಿಯಗೊಟ್ಟರು. ದುಡುಕದೆ ಕಾಯುವುದೂ ಚಿಕಿತ್ಸೆ ಎಂಬುದಕ್ಕೆ ಅದು ನಿದರ್ಶನ.

ಯುದ್ಧದ ಪಾಠ ಇದನ್ನೇ ಬೇರೊಂದು ದಾರಿಯಲ್ಲಿ ಹೇಳಿತು. ಮೊದಲ ಮಹಾಯುದ್ಧದ ವೇಳೆ, 1917ರಲ್ಲಿ, ಬೆಲ್ಜಿಯಂ ರಣರಂಗದಲ್ಲಿ ಸೇವೆ ಸಲ್ಲಿಸಿದ ಅಮೆರಿಕದ ನರಶಸ್ತ್ರಚಿಕಿತ್ಸಕ ಹಾರ್ವೆ ಕುಷಿಂಗ್, ಮಿದುಳಿನೊಳಗೆ ಹೊಕ್ಕ ಮೂಳೆಯ ಚೂರುಗಳನ್ನೂ ಲೋಹವನ್ನೂ ಸಾವಧಾನವಾಗಿ ಹೊರತೆಗೆದು ಗಾಯವನ್ನು ಪೂರ್ತಿ ಮುಚ್ಚುವ ಕ್ರಮವನ್ನು ರೂಪಿಸಿದರು. ಮಿದುಳಿನ ಹೊರಪೊರೆ ಹರಿದಿದ್ದ ಗಾಯಾಳುಗಳ ಸಾವಿನ ಪ್ರಮಾಣ ಮೂರೇ ತಿಂಗಳಲ್ಲಿ ಸುಮಾರು ಶೇ 54ರಿಂದ ಶೇ 29ಕ್ಕೆ ಇಳಿಯಿತು. ಆ ಬಳಿಕ ಬಹುಕಾಲ ಚೂರೊಂದೂ ಉಳಿಯದಂತೆ ತೆಗೆಯುವುದೇ ನಿಯಮವಾಗಿತ್ತು. ವಿಯೆಟ್ನಾಂ, ಲೆಬನಾನ್, ಇರಾನ್–ಇರಾಕ್ ಯುದ್ಧಗಳ ಗಾಯಾಳುಗಳನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ ಆ ನಿಯಮವೂ ಸಡಿಲವಾಯಿತು. ಆಳದಲ್ಲಿ ಉಳಿದ ಸಣ್ಣ ಚೂರಿಗಿಂತ, ಅದನ್ನು ಹುಡುಕುತ್ತಾ ಹೋಗುವ ಶಸ್ತ್ರಚಿಕಿತ್ಸಕನಿಂದಾಗುವ ಹಾನಿಯೇ ಹೆಚ್ಚಾಗಬಹುದು. ಸೋಂಕಿಗೆ ಮುಖ್ಯ ಕಾರಣ ಸರಿಯಾಗಿ ಮುಚ್ಚದ ಗಾಯದಿಂದ ಮಿದುಳಿನ ಸುತ್ತಣ ದ್ರವ ಸೋರುವುದು ಎಂಬುದು ಸ್ಪಷ್ಟವಾಯಿತು. 2001ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಈ ತಿಳಿವಳಿಕೆಯನ್ನು ಕ್ರೋಡೀಕರಿಸಿದವು. ನೂರು ವರ್ಷಗಳ ಅನುಭವ ಪರಿಣತರಿಗೂ ಕಲಿಸಿದ್ದು ಕೈ ಬಿಗಿಹಿಡಿಯುವುದನ್ನೇ.

ಈ ಪಾಠವನ್ನು ಪುಸ್ತಕವಿಲ್ಲದೆಯೇ ಅರಿತಿದ್ದ ಒಬ್ಬರನ್ನು ನಾನು ಕಂಡಿದ್ದೇನೆ. ನಿವೃತ್ತಿಗೆ ಕೆಲವು ವರ್ಷಗಳ ಮುನ್ನ, ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನನ್ನು ನಮ್ಮಲ್ಲಿಗೆ ತಂದರು. ಸೆಂಟ್ರಿಂಗ್ ಹಲಗೆಯಿಂದ ಮುಗ್ಗರಿಸಿ ಬಿದ್ದವನ ಬಲಹುಬ್ಬಿನ ಮೇಲೆ ಪಿಲ್ಲರ್‌ನ ಕಂಬಿ ಹೊಕ್ಕಿತ್ತು. ಕಂಬಿಯ ಬುಡ ಕಾಂಕ್ರೀಟಿನಲ್ಲಿ. ಜೊತೆಯವರು ಅವನನ್ನು ಎತ್ತಿ ಬಿಡಿಸಲು ಮುಂದಾದಾಗ ವಯಸ್ಸಾದ ಮೇಸ್ತ್ರಿಯೊಬ್ಬರು ಗದರಿಸಿ ತಡೆದರು. ಇಬ್ಬರು ಹುಡುಗನ ದೇಹವನ್ನು ಅಲುಗದಂತೆ ಆಧರಿಸಿದರು. ಒಬ್ಬ ಗಾಯದ ಕೆಳಗೆ ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ. ಮೇಸ್ತ್ರಿ ಇನ್ನಷ್ಟು ಕೆಳಗೆ, ಕಬ್ಬಿಣ ಕೊಯ್ಯುವ ಕೈಗರಗಸದಿಂದ ನಿಧಾನವಾಗಿ ಕತ್ತರಿಸಿದರು. ಕಂಬಿಯ ತುಂಡನ್ನು ಹಿಡಿದವನು ಆಸ್ಪತ್ರೆ ತಲುಪುವವರೆಗೆ ಕೈ ಬಿಟ್ಟಿರಲಿಲ್ಲ.

ಕೀಳಬಾರದೆಂದು ಯಾರು ಹೇಳಿದರು ಎಂದು ಮೇಸ್ತ್ರಿಯನ್ನು ಕೇಳಿದೆ. ‘ತೂತು ಬಿದ್ದ ನೀರಿನ ಪೈಪಿಗೆ ಗೂಟ ಹೊಡೆದಿದ್ರೆ, ವಾಲ್ವ್ ಮುಚ್ಚದೆ ಯಾರಾದ್ರೂ ಗೂಟ ಕೀಳ್ತಾರಾ ಸಾರ್?’ ಎಂದರು. ನರಶಸ್ತ್ರಚಿಕಿತ್ಸೆಯ ವಿದ್ಯಾರ್ಥಿಗಳಿಗೆ ನಾನು ಅರ್ಧ ಗಂಟೆ ಹೇಳುತ್ತಿದ್ದ ಪಾಠ ಆ ಒಂದು ಮಾತಿನಲ್ಲಿತ್ತು.

ಏಕೆಂದರೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಾವು ಮಾಡುವುದೂ ಅದನ್ನೇ. ಮೊದಲು ಸಿ.ಟಿ. ಸ್ಕ್ಯಾನ್ ಮಾಡಿ, ವಸ್ತು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ರಕ್ತನಾಳದ ಹತ್ತಿರವಿದೆ ಎಂದು ನೋಡುತ್ತೇವೆ. ಸಂಶಯವಿದ್ದರೆ ರಕ್ತನಾಳಗಳ ಚಿತ್ರಣವೂ ಬೇಕು. ಕಬ್ಬಿಣವಿರುವಾಗ ಎಂ.ಆರ್.ಐ. ಯಂತ್ರದ ಹತ್ತಿರ ಒಯ್ಯುವಂತಿಲ್ಲ. ಅದರ ಅಯಸ್ಕಾಂತ ಕಬ್ಬಿಣವನ್ನು ಒಳಗೇ ಅಲುಗಿಸಬಹುದು. ಮರದ ಚೂರು, ಬಿದಿರಿನ ಸಿಬಿರು ಹೊಕ್ಕಿದ್ದರೆ ಇನ್ನೊಂದು ಮೋಸವಿದೆ: ಒಣಮರ ಸಿ.ಟಿ. ಚಿತ್ರದಲ್ಲಿ ಗಾಳಿಯಂತೆ ಕಾಣಿಸುತ್ತದೆ. ಏನೂ ಇಲ್ಲವೆಂದು ಹೊಲಿಗೆ ಹಾಕಿ ಕಳುಹಿಸಿದವರು ವಾರಗಳ ನಂತರ ಮಿದುಳಿನಲ್ಲಿ ಕೀವು ತುಂಬಿಕೊಂಡು ಮರಳುವುದುಂಟು.

ಬಳಿಕ ವಸ್ತುವನ್ನು ಇದ್ದಂತೆಯೇ ಇರಿಸಿ, ಅದರ ಸುತ್ತ ಬುರುಡೆಯ ಮೂಳೆಯನ್ನು ಕೊರೆದು ತೆರೆಯುತ್ತೇವೆ. ರಕ್ತ ಚಿಮ್ಮಿದರೆ ಹಿಡಿದು ನಿಲ್ಲಿಸುವ ಸಿದ್ಧತೆಯಾದ ಮೇಲೆಯೇ, ಅಂದರೆ ಮೇಸ್ತ್ರಿಯ ಮಾತಿನ ವಾಲ್ವ್ ಕೈಗೆ ಸಿಕ್ಕಮೇಲೆಯೇ, ವಸ್ತುವನ್ನು ಅದು ಬಂದ ದಾರಿಯಲ್ಲೇ, ತಿರುಗಿಸದೆ, ಕಣ್ಣೆದುರಿಗೇ ಹೊರತೆಗೆಯುತ್ತೇವೆ. ಮಿದುಳಿನ ಹೊರಪೊರೆಯನ್ನು ನೀರೂ ಸೋರದಂತೆ ಹೊಲಿಯುತ್ತೇವೆ. ಸೋಂಕು ತಡೆಯುವ ಔಷಧ, ಧನುರ್ವಾಯುವಿಗೆ ಚುಚ್ಚುಮದ್ದು, ಮೂರ್ಛೆ ಬಾರದಂತೆ ಮೊದಲ ವಾರದ ಮಾತ್ರೆ ಇವೆಲ್ಲ ಜೊತೆಗಿರುತ್ತವೆ. ಗಾಯಗೊಂಡ ರಕ್ತನಾಳದ ಗೋಡೆ ದಿನಗಳ ನಂತರ ಬಲೂನಿನಂತೆ ಊದಿ ಒಡೆಯಬಹುದಾದ್ದರಿಂದ ಮತ್ತೆ ಪರೀಕ್ಷೆ ಬೇಕು. ಆ ಯುವಕ ಮೂರು ವಾರಗಳ ನಂತರ ನಡೆದುಕೊಂಡೇ ಮನೆಗೆ ಹೋದ. ಅವನನ್ನು ಉಳಿಸಿದವರು ಯಾರೆಂದು ಕೇಳಿದರೆ, ಕೈಗರಗಸ ಹಿಡಿದವರ ಹೆಸರನ್ನು ನಾನು ಮೊದಲು ಹೇಳುತ್ತೇನೆ.

ಎಲ್ಲರನ್ನೂ ಉಳಿಸಲಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಮಿದುಳಿನ ಎರಡೂ ಭಾಗಗಳನ್ನು ಸೀಳಿಹೋದ ಗುಂಡಿನ ಗಾಯ, ಬರುವಾಗಲೇ ಆಳವಾದ ಕೋಮಾ, ಬೆಳಕಿಗೆ ಸ್ಪಂದಿಸದ ಕಣ್ಣುಪಾಪೆ, ಇಂಥ ಸ್ಥಿತಿಯಲ್ಲಿ ಕುಟುಂಬದವರಿಗೆ ಸತ್ಯ ಹೇಳುವುದೇ ವೈದ್ಯನಿಗೆ ಉಳಿದ ಕೆಲಸ. ಉಳಿದವರ ಬದುಕೂ ಸುಗಮವೆಂದು ತಿಳಿಯಬೇಕಾಗಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೀಗೆ ಗಾಯಗೊಂಡ ಅಮೆರಿಕದ ಸೈನಿಕರನ್ನು ಸುಮಾರು 15 ವರ್ಷಗಳ ನಂತರ ಅಧ್ಯಯನ ಮಾಡಿದಾಗ ಶೇ 53ರಷ್ಟು ಮಂದಿಗೆ ಮೂರ್ಛೆರೋಗ ಬಂದಿರುವುದು ಕಂಡುಬಂತು. ಗೇಜ್ ಕೂಡ ಕೊನೆಗೆ ತೀರಿಕೊಂಡದ್ದು ಮೂರ್ಛೆಯಿಂದಲೇ. ‘ಪವಾಡಸದೃಶ ಪಾರು’ ಎಂಬ ಶೀರ್ಷಿಕೆಯೊಂದಿಗೆ ಪತ್ರಿಕೆಯ ಸುದ್ದಿ ಮುಗಿಯುತ್ತದೆ. ಮಾತ್ರೆಯ ಖರ್ಚು, ಎತ್ತರದ ಕೆಲಸಕ್ಕೆ ಮತ್ತೆ ಹೋಗಲಾಗದ ನಷ್ಟ, ಮನೆಯವರಿಗೂ ಅರ್ಥವಾಗದ ಸಿಟ್ಟು ಆಮೇಲೆ ಆರಂಭವಾಗುತ್ತವೆ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು ಜನರ ತಿಳಿವಳಿಕೆ. ಹೊಕ್ಕ ವಸ್ತುವನ್ನು ಕೀಳಬಾರದು, ಅಲುಗಿಸಬಾರದು, ಒಳಕ್ಕೆ ಒತ್ತಬಾರದು. ಕೊಡ ಹೊರುವಾಗ ತಲೆಗಿಡುವ ಸಿಂಬಿಯಂತೆ ಶುಭ್ರವಾದ ಬಟ್ಟೆಯನ್ನು ಅದರ ಸುತ್ತ ಸುತ್ತಿ, ಅಲುಗದಂತೆ ಆಧಾರ ಕೊಡಬೇಕು. ಗಾಯಕ್ಕೆ ಅರಿಸಿನವನ್ನಾಗಲಿ ಕಾಫಿ ಪುಡಿಯನ್ನಾಗಲಿ ಮೆತ್ತಬಾರದು. ಶಸ್ತ್ರಚಿಕಿತ್ಸೆ ಬೇಕಾಗುವುದರಿಂದ ಕುಡಿಯಲು ನೀರನ್ನೂ ಕೊಡಬಾರದು. ವಸ್ತು ಬೇರೆಡೆ ಸಿಕ್ಕಿಕೊಂಡಿದ್ದರೆ ಅಗ್ನಿಶಾಮಕ ದಳದವರನ್ನು ಕರೆಸಿ, ಗಾಯದಿಂದ ದೂರದಲ್ಲಿ, ಎರಡೂ ಕಡೆ ಬಿಗಿಹಿಡಿದು ಕತ್ತರಿಸಬೇಕು. 108 ಅಥವಾ 112ಕ್ಕೆ ಕರೆ ಮಾಡುವಾಗಲೇ ‘ತಲೆಗೆ ಕಂಬಿ ಹೊಕ್ಕಿದೆ, ಕಿತ್ತಿಲ್ಲ’ ಎಂದು ಹೇಳಬೇಕು. ಉಸಿರಾಟಕ್ಕೇ ಅಡ್ಡಿಯಾಗುವ ತೀರಾ ವಿರಳ ಸಂದರ್ಭವನ್ನು ಬಿಟ್ಟರೆ ಇದಕ್ಕೆ ವಿನಾಯಿತಿ ಇಲ್ಲ.

ಪೊಲೀಸ್, ಕೋರ್ಟಿನ ಭಯದಿಂದ ಹಿಂಜರಿಯುವವರು ಈಗಲೂ ಇದ್ದಾರೆ. ಗಾಯಾಳುವಿನ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯನ ಮೊದಲ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನೆರವಾದ ದಾರಿಹೋಕರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ 2016ರಲ್ಲಿ ಅದೇ ನ್ಯಾಯಾಲಯ ಬಲ ನೀಡಿತು. ಕರ್ನಾಟಕ ಇದಕ್ಕಾಗಿಯೇ ರೂಪಿಸಿದ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಕಾನೂನು ಮುಂದೆ ಹೋಗಿದೆ, ಭಯ ಹಿಂದೆಯೇ ನಿಂತಿದೆ.

ಎರಡನೆಯದು ಸಣ್ಣ ಆಸ್ಪತ್ರೆಗಳ ಸಿದ್ಧತೆ. ನರಶಸ್ತ್ರಚಿಕಿತ್ಸಕರು ಇರುವುದು ಬಹುತೇಕ ದೊಡ್ಡ ನಗರಗಳಲ್ಲಿ. ನಾಡಿನ ಮೂಲೆಮೂಲೆಗಳಿಂದ ತಲೆಗೆ ಪೆಟ್ಟಾದವರು ಇಂದಿಗೂ ಬೆಂಗಳೂರಿನ ನಿಮ್ಹಾನ್ಸ್ ಬಾಗಿಲಿಗೆ ಬರುತ್ತಾರೆ. ಪ್ರತಿ ತಾಲ್ಲೂಕಿಗೂ ನರಶಸ್ತ್ರಚಿಕಿತ್ಸಕರನ್ನು ಒದಗಿಸಿ ಎಂಬುದು ನನ್ನ ಬೇಡಿಕೆಯಲ್ಲ. ತುರ್ತು ಕೊಠಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಹಾಳೆಯ ಸೂಚನೆ, ಯಾವ ಹೊತ್ತಿನಲ್ಲಾದರೂ ತಜ್ಞರೊಡನೆ ಮಾತಾಡಲು ಒಂದು ದೂರವಾಣಿ ಸಂಖ್ಯೆ, ರೋಗಿ ಹೊರಡುವ ಮುನ್ನವೇ ಸ್ಕ್ಯಾನ್ ಚಿತ್ರ ದೊಡ್ಡ ಆಸ್ಪತ್ರೆಯನ್ನು ತಲುಪುವ ವ್ಯವಸ್ಥೆ, ಇಷ್ಟು ಸಾಕು. ಫೋನಿನಲ್ಲೇ ಚಿತ್ರ ಕಳುಹಿಸಬಹುದಾದ ಈ ಕಾಲದಲ್ಲಿ ಇದು ದುಬಾರಿಯ ಮಾತಲ್ಲ. ಅಂದು ಒಬ್ಬ ಹಿರಿಯರು ಫೋನಿನಲ್ಲಿ ‘ಮುಟ್ಟಬೇಡ, ಕಳುಹಿಸು’ ಎಂದಿದ್ದರೆ ನನಗೆ ಅಷ್ಟೇ ಸಾಕಾಗಿತ್ತು.

ಮೂರನೆಯದು, ಗಾಯವೇ ಆಗದಂತೆ ನೋಡಿಕೊಳ್ಳುವುದು. ಲಾರಿ, ಟೆಂಪೊಗಳ ಹಿಂಬದಿಯಿಂದ ಹೊರಚಾಚಿದ ಕಂಬಿಗಳ ತುದಿಗೆ ಕೆಂಪು ಬಟ್ಟೆ ಕಟ್ಟಿದರೆ ಕರ್ತವ್ಯ ಮುಗಿಯಿತೆಂಬ ಭಾವನೆ ನಮ್ಮಲ್ಲಿದೆ. ಹಾಗೆ ಹೊರಚಾಚಿದ ಸರಕು ಸಾಗಿಸಲು ಇದ್ದ ಅವಕಾಶವನ್ನೇ ಕೇಂದ್ರ ಸರ್ಕಾರ 2014ರಲ್ಲಿ ತೆಗೆದುಹಾಕಿತು. ಆದರೂ ರಾತ್ರಿಯ ರಸ್ತೆಯಲ್ಲಿ ಅಂಥ ವಾಹನಗಳ ಹಿಂದೆ ಬೈಕ್ ಸವಾರರು ಹೋಗುತ್ತಲೇ ಇದ್ದಾರೆ. ಕಟ್ಟಡಗಳಲ್ಲಿ ಪಿಲ್ಲರ್‌ನಿಂದ ಮೇಲೆದ್ದ ಕಂಬಿಗಳಿಗೆ ಅಗಲವಾದ ಗಟ್ಟಿ ಟೋಪಿ ತೊಡಿಸುವ ಪದ್ಧತಿ ಬೇರೆ ದೇಶಗಳಲ್ಲಿದೆ. ಹಾಗಾಗದಿದ್ದರೆ ಕಂಬಿಯ ತುದಿಯನ್ನು ಬಗ್ಗಿಸಬಹುದು, ಅಥವಾ ಅಡ್ಡ ಹಲಗೆ ಕಟ್ಟಬಹುದು. ಈ ಮಾತು ದೊಡ್ಡ ಗುತ್ತಿಗೆದಾರರಿಗೆ ಮಾತ್ರ ಅನ್ವಯಿಸುವುದಿಲ್ಲ. ಮುಂದೆಂದಾದರೂ ಮೇಲೊಂದು ಮಹಡಿ ಕಟ್ಟೋಣವೆಂದು ತಾರಸಿಯ ಮೇಲೆ ಕಂಬಿ ಬಿಟ್ಟು, ಅಲ್ಲೇ ಬಟ್ಟೆ ಒಣಹಾಕುವ, ಮಕ್ಕಳನ್ನು ಗಾಳಿಪಟ ಬಿಡಲು ಕಳುಹಿಸುವ ನಾವು ನೀವೆಲ್ಲರೂ ಇದರಲ್ಲಿ ಪಾಲುದಾರರು.

ಇಷ್ಟು ವಿರಳವಾದ ಗಾಯಕ್ಕೆ ಇಷ್ಟು ಗಮನವೇಕೆ ಎಂದು ಕೇಳಬಹುದು. ಡೆಂಗಿ, ಕ್ಷಯ, ಸಕ್ಕರೆ ಕಾಯಿಲೆಗಳ ನಡುವೆ ಸರ್ಕಾರದ ಹಣಕ್ಕೆ ಬೇರೆ ಹಕ್ಕುದಾರರಿದ್ದಾರೆ ಎಂಬುದು ನಿಜ. ಆದರೆ ನಾನು ಕೇಳುತ್ತಿರುವುದರಲ್ಲಿ ಹಣದ ಬಾಬತ್ತು ಬಹಳ ಕಡಿಮೆ. ತಾಲ್ಲೂಕು ಆಸ್ಪತ್ರೆಗೂ ದೊಡ್ಡ ಆಸ್ಪತ್ರೆಗೂ ನಡುವೆ ಬೆಸೆಯುವ ದೂರವಾಣಿ, ಬೈಕಿನಿಂದ ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದವರಿಗೂ, ಪಾರ್ಶ್ವವಾಯು ಬಡಿದವರಿಗೂ ಒದಗುತ್ತದೆ. ಅಪರೂಪದ ಗಾಯಕ್ಕೆ ಸಿದ್ಧವಾದ ವ್ಯವಸ್ಥೆ ಸಾಮಾನ್ಯ ಗಾಯವನ್ನು ಕೈಬಿಡುವುದಿಲ್ಲ. ಮೇಲಾಗಿ, ಈ ಗಾಯ ಯಾರಿಗಾಗುತ್ತದೆ ಎಂಬುದನ್ನೂ ನೋಡಬೇಕು. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆ ನೀಡುವ ಕೇಂದ್ರದ ಯೋಜನೆ 2025ರಲ್ಲಿ ಬಂದಿದೆ, ಸ್ವಾಗತಾರ್ಹ. ಆದರೆ ನಮ್ಮ ಮನೆ ಕಟ್ಟುತ್ತಾ ಕಂಬಿಯ ಮೇಲೆ ಬಿದ್ದವನು ರಸ್ತೆಯಲ್ಲಿ ಬಿದ್ದಿರುವುದಿಲ್ಲ.

ಆ ಹುಡುಗ ಬದುಕಿದ್ದರೆ ಇಂದು ಐವತ್ತರ ಹತ್ತಿರ ಬಂದಿರುತ್ತಿದ್ದ. ಅವನ ಊರಿನ ರಸ್ತೆಗೆ ಈಗ ಡಾಂಬರು ಬಂದಿದೆ, ಜಿಲ್ಲಾ ಕೇಂದ್ರದಲ್ಲಿ ಸ್ಕ್ಯಾನ್ ಯಂತ್ರವಿದೆ, ಆಂಬುಲೆನ್ಸ್ ಬರುತ್ತದೆ. ಅಂದು ಇಲ್ಲದಿದ್ದದ್ದೆಲ್ಲವೂ ಇಂದು ಇದೆ. ಆದರೆ ಇಂದು ಸಂಜೆ ಅಂಥದ್ದೇ ಒಂದು ಆಸ್ಪತ್ರೆಯಲ್ಲಿ, ಎಂಟು ತಿಂಗಳ ಹಿಂದೆ ಸೇರಿದ ಯುವ ವೈದ್ಯೆಯೊಬ್ಬಳ ಮುಂದೆ ಒಬ್ಬ ತಂದೆ ‘ಮೊದಲು ಅದನ್ನ ತೆಗೆದುಬಿಡಿ’ ಎಂದು ಕೈಮುಗಿದರೆ, ಅವಳ ಕೈ ತಡೆಯುವವರು ಯಾರು? ಈ ಲೇಖನವನ್ನು ಕತ್ತರಿಸಿ ಆ ಗೋಡೆಗೆ ಅಂಟಿಸಲು ಯಾರಾದರೂ ಮನಸ್ಸು ಮಾಡಿದರೆ ನನ್ನ ಸಾಲದಲ್ಲಿ ಒಂದಿಷ್ಟಾದರೂ ತೀರೀತು.